ಏಡಿ ಚಿಪ್ಪು ಮತ್ತು ರೇಷ್ಮೆ ಹುಳುವಿನ ಚರ್ಮ ಒಂದೇನಾ? ಜ್ವರದಲ್ಲಿ ಒಳಗೆ ಆಗುವುದೇನು?

ಜೀವಶಾಸ್ತ್ರ_ಮೇಷ್ಟ್ರು

ಕೀಟ, ಏಡಿ, ಜೇಡಗಳಂಥ ಸಂಧಿಪದಿಗಳ ಲಕ್ಷಣ ಬರೆಸುವಾಗ ‘ಕೈಟಿನ್‌ನಿಂದಾದ ಗಟ್ಟಿಯಾದ ಹೊರಕವಚ’ ಎಂಬ ಸಾಲು ತಪ್ಪದೆ ಬರುತ್ತದೆ. ಏಡಿ ನೋಡಿದ ಮಕ್ಕಳು ಒಪ್ಪುತ್ತಾರೆ. ರೇಷ್ಮೆ ಹುಳುವನ್ನು ಅಂಗೈ ಮೇಲೆ ಬಿಟ್ಟುಕೊಂಡ ಮಕ್ಕಳು ‘ಇದರಲ್ಲಿ ಗಟ್ಟಿ ಎಲ್ಲಿದೆ?’ ಎನ್ನುತ್ತಾರೆ. ಬಲ್ಲವರಲ್ಲಿ ಮೂರು ಪ್ರಶ್ನೆ. ಎರಡೂ ಒಂದೇ ವಸ್ತುವೇ? ಒಂದೇ ಆದರೆ ಗಟ್ಟಿತನ ಎಲ್ಲಿಂದ ಬರುತ್ತದೆ? ಹುಳು ಜ್ವರಕ್ಕೆ ಕೂತಾಗ (ಪೊರೆ ಬಿಡಲು ಅಲುಗದೆ ಕೂರುವುದಕ್ಕೆ ಬೆಳೆಗಾರರು ಹೇಳುವ ಹೆಸರು) ಸೊಪ್ಪು ಮುಟ್ಟುವುದಿಲ್ಲವಲ್ಲ, ಆಗ ಒಳಗೆ ನಡೆಯುವುದೇನು? ತರಗತಿಯಲ್ಲಿ ಮಾಡಿ ತೋರಿಸುವಂಥದ್ದು ಏನಾದರೂ ಇದ್ದರೆ ಅದನ್ನೂ ತಿಳಿಸಿ.

ಸೂಕ್ಷ್ಮದರ್ಶಕ

ಮೇಷ್ಟ್ರೇ, ಆ ಸಾಲಿನಲ್ಲೇ ತೊಡಕಿದೆ. ಕೈಟಿನ್ ತಾನಾಗಿ ಗಟ್ಟಿ ವಸ್ತುವಲ್ಲ. ಹತ್ತಿ ನೂಲಿನ ಸೆಲ್ಯುಲೋಸ್‌ಗೆ ಅದು ಹತ್ತಿರದ ಬಂಧು. ಗ್ಲೂಕೋಸ್ ಬದಲು ಅಸಿಟೈಲ್ ಗ್ಲೂಕೋಸಮೈನ್ ಎಂಬ ಸಕ್ಕರೆಯ ಕೊಂಡಿಗಳು ಸಾಲಾಗಿ ಸೇರಿದ ಉದ್ದನೆಯ ಸರಪಳಿ ಅದು. ಇಂಥ ಸುಮಾರು ಇಪ್ಪತ್ತು ಸರಪಳಿಗಳು ಸೇರಿ 3 ನ್ಯಾನೋಮೀಟರ್ ದಪ್ಪದ ಎಳೆಯಾಗುತ್ತವೆ, ಎಳೆಯ ಸುತ್ತ ಪ್ರೋಟೀನ್ ಸುತ್ತಿಕೊಳ್ಳುತ್ತದೆ. ಎಳೆಗಳು ಅಕ್ಕಪಕ್ಕ ಮಲಗಿ ಒಂದು ಹಾಸಾಗುತ್ತವೆ. ಅದರ ಮೇಲಿನ ಹಾಸು ಸ್ವಲ್ಪ ತಿರುಗಿ ಕೂರುತ್ತದೆ, ಮೇಲಿನದು ಇನ್ನೂ ಸ್ವಲ್ಪ. ಹೀಗೆ ತಿರುಗುತ್ತಾ ಅರ್ಧ ಸುತ್ತು ಮುಗಿದಾಗ ಅಡ್ಡ ಕೊಯ್ದ ತುಂಡಿನಲ್ಲಿ ಒಂದು ಪಟ್ಟೆ ಕಾಣುತ್ತದೆ. ಪ್ಲೈವುಡ್‌ನಲ್ಲಿ ಹಾಳೆಗಳನ್ನು ಅಡ್ಡಡ್ಡ ಅಂಟಿಸುವುದಕ್ಕೂ ಇದಕ್ಕೂ ಉದ್ದೇಶ ಒಂದೇ. ಬಿರುಕು ಒಂದು ಹಾಸಿನಲ್ಲಿ ಸಲೀಸಾಗಿ ಓಡಿದರೂ ಮುಂದಿನ ಹಾಸಿನಲ್ಲಿ ದಿಕ್ಕು ಬದಲಿಸಬೇಕು, ಅಲ್ಲೇ ಅದರ ಬಲ ಉಡುಗುತ್ತದೆ. ಈ ತಿರುವಿನ ಲೆಕ್ಕವನ್ನು ಫ್ರಾನ್ಸಿನ ಈವ್ ಬೂಲಿಗಾಂ 1972ರಲ್ಲಿ ವಿವರವಾಗಿ ಬಿಡಿಸಿಟ್ಟರು.

ಇಲ್ಲಿಯವರೆಗೆ ಏಡಿಯೂ ರೇಷ್ಮೆ ಹುಳುವೂ ಒಂದೇ. ಆಮೇಲೆ ದಾರಿ ಮೂರಾಗುತ್ತದೆ.

ಕೈಟಿನ್ ಮತ್ತು ಪ್ರೋಟೀನನ್ನು ನೀರಿನಂಶದ ಜೊತೆ ಹಾಗೇ ಬಿಟ್ಟರೆ ಬಾಗುವ, ಹಿಗ್ಗುವ ಚರ್ಮ. ರೇಷ್ಮೆ ಹುಳುವಿನ ಮೈ, ಏಡಿಯ ಕೀಲುಗಳ ಬಿಳಿ ಪೊರೆ, ಜೇಡದ ಹೊಟ್ಟೆ ಇಂಥವು.

ಆ ಪ್ರೋಟೀನುಗಳನ್ನು ಒಂದಕ್ಕೊಂದು ರಾಸಾಯನಿಕವಾಗಿ ಬೆಸೆದರೆ ಜೀರುಂಡೆಯ ರೆಕ್ಕೆಕವಚ, ಚೇಳಿನ ಕೊಂಡಿ. ಡೋಪಮೈನ್‌ನಿಂದ ತಯಾರಾದ ವಸ್ತುಗಳನ್ನು ಲ್ಯಾಕೇಸ್ ಎಂಬ ಕಿಣ್ವ ಕ್ವಿನೋನ್ ಆಗಿಸುತ್ತದೆ. ಕ್ವಿನೋನ್ ಪ್ರೋಟೀನಿಗೆ ಪ್ರೋಟೀನನ್ನು ಕಟ್ಟಿ ನೀರನ್ನು ಹೊರಗಟ್ಟುತ್ತದೆ. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಂದಾಗುವುದೂ ಇದೇ ಜಾತಿಯ ರಸಾಯನ ಕ್ರಿಯೆ. ಆಗತಾನೆ ಪೊರೆ ಬಿಟ್ಟ ಜಿರಲೆ ಬೆಳ್ಳಗಿದ್ದು ಕೆಲವೇ ಗಂಟೆಗಳಲ್ಲಿ ಕಂದಾಗುವುದನ್ನು ಅಡುಗೆಮನೆಯಲ್ಲಿ ಎಷ್ಟೋ ಜನ ನೋಡಿರುತ್ತಾರೆ, ಅದು ಬೇರೆ ಜಾತಿಯ ಬಿಳಿ ಜಿರಲೆ ಎಂದುಕೊಂಡಿರುತ್ತಾರೆ.

ಮೂರನೆಯ ದಾರಿ ಸುಣ್ಣದ್ದು. ಏಡಿ, ಸಿಗಡಿ, ಸಹಸ್ರಪದಿಗಳು ಎಳೆಗಳ ಸಂದಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ತುಂಬುತ್ತವೆ. ಕೀಟಗಳಲ್ಲಿ ಸುಣ್ಣ ತುಂಬುವ ಪದ್ಧತಿ ಬಹಳ ಅಪರೂಪ.

ಇನ್ನೊಂದು ಮಾತು. ‘ಕವಚ’ ಎಂದಾಗ ಮಕ್ಕಳ ಕಣ್ಣ ಮುಂದೆ ಡಬ್ಬಿ ಬರುತ್ತದೆ. ಇದು ಡಬ್ಬಿಯಲ್ಲ, ಅಡಿಯಲ್ಲಿರುವ ಒಂದೇ ಸಾಲು ಜೀವಕೋಶಗಳು ಹೊರಮುಖವಾಗಿ ಸುರಿಸಿದ ವಸ್ತು. ಸ್ನಾಯುಗಳೂ ಒಳಗಿನಿಂದ ಇದಕ್ಕೇ ನಾಟಿಕೊಂಡಿವೆ. ರೋಮಗಳ ಬುಡದಲ್ಲಿ ನರವಿದೆ, ಗಾಳಿಯ ಅಲುಗಾಟ ತಿಳಿಯುವುದು ಅದರಿಂದಲೇ. ಕಣ್ಣಿನ ಮಸೂರವೂ ಇದೇ ಪೊರೆ. ಅನ್ನನಾಳದ ಒಳಗೋಡೆ, ಕರುಳಿನ ಕೊನೆಯ ಭಾಗ, ಮೈಯೊಳಗೆ ಹರಡಿದ ಶ್ವಾಸನಾಳಗಳ ಒಳಗೋಡೆ, ಎಲ್ಲಕ್ಕೂ ಇದೇ ಅಸ್ತರಿ.

ಗಜನಿ_ಗದ್ದೆ

ತರಗತಿಗೆ ಒಂದು ಪ್ರಯೋಗ. ಏಡಿ ಬೆನ್ನಿನ ಚಿಪ್ಪಿನಿಂದ 2 ಸೆಂಟಿಮೀಟರ್ ತುಂಡು ತೆಗೆದು ಒಳಗಿನ ಮಾಂಸ, ಪೊರೆ ಕೆರೆದು ತೊಳೆಯಿರಿ. ಬೇಯಿಸಿದ ಏಡಿಯದೂ ಆದೀತು. ಎರಡೂ ಮಗ್ಗುಲನ್ನು ಮರಳು ಕಾಗದದಿಂದ ಉಜ್ಜಿ. ಇಲ್ಲದಿದ್ದರೆ ಮೇಲಿನ ತೆಳು ಪದರ ಆಮ್ಲವನ್ನು ತಡೆದು ಕೆಲಸ ನಿಧಾನವಾಗುತ್ತದೆ. ಗಾಜಿನ ಲೋಟದಲ್ಲಿ ಅಂಗಡಿಯ ವಿನೆಗರ್ 100 ಮಿಲಿಲೀಟರ್ ಹಾಕಿ ಮುಳುಗಿಸಿ. ಸಣ್ಣ ಗುಳ್ಳೆಗಳು ಏಳುತ್ತವೆ, ಅದು ಕಾರ್ಬನ್ ಡೈಆಕ್ಸೈಡ್. ದಿನಕ್ಕೊಮ್ಮೆ ವಿನೆಗರ್ ಬದಲಿಸಿ. ಚಿಪ್ಪಿನ ದಪ್ಪ ನೋಡಿಕೊಂಡು 2ರಿಂದ 4 ದಿನಕ್ಕೆ ತುಂಡು ಬೆರಳಲ್ಲಿ ಮಡಚುವಷ್ಟು ಮೆದುವಾಗುತ್ತದೆ. ಆಕಾರ ಮಾತ್ರ ಹಾಗೇ ಉಳಿದಿರುತ್ತದೆ. ಉಳಿದದ್ದು ಕೈಟಿನ್ ಮತ್ತು ಪ್ರೋಟೀನು, ಹೋದದ್ದು ಸುಣ್ಣ.

ಪಕ್ಕದ ಲೋಟದಲ್ಲಿ ಸತ್ತ ಜೀರುಂಡೆಯ ರೆಕ್ಕೆಕವಚ ಹಾಕಿ. ಗುಳ್ಳೆ ಬರುವುದಿಲ್ಲ, ನಾಲ್ಕು ದಿನವಾದರೂ ಗಟ್ಟಿಯಾಗಿಯೇ ಇರುತ್ತದೆ. ಮೇಲಿನವರು ಹೇಳಿದ ಎರಡು ದಾರಿಗಳ ವ್ಯತ್ಯಾಸ ಇಷ್ಟರಲ್ಲೇ ಕಣ್ಣಿಗೆ ಬೀಳುತ್ತದೆ.

ಬೇಗ ಆಗಲಿ ಎಂದು ಶೌಚಾಲಯ ತೊಳೆಯುವ ಆಸಿಡ್ ಬಳಸಬೇಡಿ. ಅದರ ಹೊಗೆ ಮಕ್ಕಳಿಗೆ ಒಳ್ಳೆಯದಲ್ಲ, ಬ್ಲೀಚಿಂಗ್ ಪುಡಿ ಸೋಕಿದರೆ ಕ್ಲೋರಿನ್ ಅನಿಲ ಏಳುತ್ತದೆ.

ಚಂದ್ರಿಕೆ

ಮೂರನೆಯ ಪ್ರಶ್ನೆಗೆ ನಾನು ಬರೆಯುತ್ತೇನೆ.

ರೇಷ್ಮೆ ಹುಳು ಮೊಟ್ಟೆ ಒಡೆದಾಗ ಸುಮಾರು 3 ಮಿಲಿಮೀಟರ್. ಹಣ್ಣಾಗುವ, ಅಂದರೆ ಗೂಡು ಕಟ್ಟಲು ಸಿದ್ಧವಾಗುವ ಹೊತ್ತಿಗೆ ತೂಕ ಸುಮಾರು ಹತ್ತು ಸಾವಿರ ಪಟ್ಟು. ಮೈ ಚರ್ಮದ ಮೇಲ್ಪದರ ಸಣ್ಣ ನೆರಿಗೆಗಳಾಗಿ ಮಡಚಿರುತ್ತದೆ, ಹುಳು ತಿಂದಂತೆ ನೆರಿಗೆ ಬಿಚ್ಚಿಕೊಳ್ಳುತ್ತದೆ. ತಲೆ ಮತ್ತು ದವಡೆ ಮಾತ್ರ ಗಟ್ಟಿ ಮಾಡಿದ ಕವಚ, ಒಂದು ಹಂತದ (ಒಂದು ಜ್ವರದಿಂದ ಮುಂದಿನ ಜ್ವರದವರೆಗಿನ ಅವಧಿ) ಉದ್ದಕ್ಕೂ ಅದೇ ಅಳತೆ. ಅದಕ್ಕೇ ಹಂತದ ಕೊನೆಗೆ ಮೈ ದಪ್ಪ, ತಲೆ ಚಿಕ್ಕದಾಗಿ ಕಾಣುತ್ತದೆ. ಜ್ವರಕ್ಕೆ ಕೂರುವ ಮೊದಲ ಗುರುತೇ ಅದು. ಮೈ ಬಿಗಿದು ಹೊಳೆಯುತ್ತದೆ, ಹುಳು ತಲೆಯೆತ್ತಿ ಅಲುಗದೆ ನಿಲ್ಲುತ್ತದೆ. ತಲೆಯ ಹಿಂದೆ ಕಂದು ತ್ರಿಕೋನ ಕಾಣುತ್ತದೆಯಲ್ಲ, ಹಳೆಯ ಚರ್ಮದಡಿ ತಯಾರಾಗುತ್ತಿರುವ ಹೊಸ ತಲೆ ಅದೇ.

ಮೊದಲ ಮೂರು ಜ್ವರ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ, ನಾಲ್ಕನೆಯದು ಒಂದೂವರೆ ದಿನದವರೆಗೂ ಎಳೆಯುತ್ತದೆ. ಒಳಗಿನ ಕೆಲಸ ಹೀಗೆ ಸಾಗುತ್ತದೆ. ಮೊದಲು ಚರ್ಮಕೋಶಗಳು ಹಳೆಯ ಪೊರೆಯಿಂದ ಬಿಡಿಸಿಕೊಳ್ಳುತ್ತವೆ. ನಡುವಿನ ಸಂದಿಗೆ ಒಂದು ದ್ರವ ಇಳಿಯುತ್ತದೆ. ಕೈಟಿನ್ ಮತ್ತು ಪ್ರೋಟೀನ್ ಕರಗಿಸುವ ಕಿಣ್ವಗಳು ಅದರಲ್ಲಿದ್ದರೂ ಇನ್ನೂ ಎಚ್ಚೆತ್ತಿರುವುದಿಲ್ಲ. ಕೋಶಗಳು ಮೊದಲು ಹೊಸ ಪೊರೆಯ ತೀರಾ ಹೊರಗಿನ ತೆಳು ಪದರವನ್ನು ಕಟ್ಟಿ ತಮಗೆ ರಕ್ಷಣೆ ಮಾಡಿಕೊಳ್ಳುತ್ತವೆ. ಆಮೇಲೆಯೇ ಕಿಣ್ವಗಳು ಏಳುತ್ತವೆ. ಹಳೆಯ ಪೊರೆಯ ಒಳಭಾಗವೆಲ್ಲ ಕರಗಿ ಮೈಗೆ ವಾಪಸಾಗಿ, ಅದೇ ಸರಕಿನಿಂದ ಹೊಸದು ಬೆಳೆಯುತ್ತದೆ. ಕೊನೆಗೆ ಹೊರಗೆ ಬೀಳುವ ಪೊರೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿರಲು ಕಾರಣ ಇದೇ.

ಈ ಹೊತ್ತಿನಲ್ಲಿ ದವಡೆಯ ಹಳೆಯ ಕವಚ ಸಡಿಲ, ಹೊಸದು ಇನ್ನೂ ಮೆದು. ಅನ್ನನಾಳದ ಅಸ್ತರಿಯೂ ಬದಲಾಗುತ್ತಿರುತ್ತದೆ. ತಿನ್ನುವ ಸಲಕರಣೆಯೇ ಕೆಲಸಕ್ಕಿಲ್ಲ ಎಂದ ಮೇಲೆ ಸೊಪ್ಪು ಹಾಕಿ ಪ್ರಯೋಜನವಿಲ್ಲ.

ಕೂರುವ ಮುಂಚೆ ಹುಳು ತೆಳುವಾದ ರೇಷ್ಮೆ ಎಳೆ ಬಿಟ್ಟು ಕಾಲುಗಳನ್ನು ಹಾಸಿಗೆಗೆ ಕಟ್ಟಿಕೊಳ್ಳುತ್ತದೆ. ಹಳೆಯ ಚರ್ಮ ಅಲ್ಲಿಗೆ ಅಂಟಿ ನಿಂತಿರಬೇಕು, ಆಗಲೇ ಹುಳು ಮುಂದಕ್ಕೆ ತೆವಳಿ ಈಚೆ ಬರಲು ಸಾಧ್ಯ. ಜ್ವರದಲ್ಲಿ ಹಾಸಿಗೆ ಕದಲಿಸಿದರೆ ಆ ಎಳೆ ಹರಿಯುತ್ತದೆ. ಹುಳು ತೆವಳಿದಂತೆ ಹಳೆಯ ಚರ್ಮವೂ ಹಿಂದೆಯೇ ಬರುತ್ತದೆ, ಬಾಲದ ಕಡೆ ಉಂಗುರದಂತೆ ಬಿಗಿದು ಉಳಿಯುತ್ತದೆ. ಹಾಗಾಗಿ ಹಾಸಿಗೆ ಶುಚಿ ಮಾಡುವುದು ಕೂರುವ ಮುಂಚೆಯೇ ಮುಗಿಯಬೇಕು. ಬಲೆ ಹಾಸಿ, ಮೇಲೆ ಎರಡು ಸಲ ಸೊಪ್ಪು ಕೊಟ್ಟು, ಹುಳು ಮೇಲೆ ಬಂದ ನಂತರ ಬಲೆಯನ್ನೇ ಎತ್ತಿ ಬೇರೆ ತಟ್ಟೆಗೆ ಇಡಿ.

ಹೊಸ_ಬೆಳೆಗಾರ

ಜ್ವರದಲ್ಲಿ ಸುಣ್ಣದ ಪುಡಿ ಉದುರಿಸುತ್ತಾರಲ್ಲ, ಹೊಸ ಚರ್ಮ ಗಟ್ಟಿಯಾಗಲಿ ಎಂದೇ ತಾನೇ? ಏಡಿಗೆ ಸುಣ್ಣ ಬೇಕು ಎಂದು ಮೇಲೆ ಓದಿದ ಮೇಲೆ ಹಾಗೇ ಇರಬೇಕು ಅನಿಸಿತು.

ಚಂದ್ರಿಕೆ

ಅಲ್ಲ. ಈ ತಪ್ಪು ತಿಳಿವಳಿಕೆ ಬಹಳ ಕಡೆ ಇದೆ, ಇದರಿಂದ ನಷ್ಟವೂ ಆಗುತ್ತದೆ. ಹುಳುವಿನ ಚರ್ಮ ಹೊರಗಿನ ಸುಣ್ಣವನ್ನು ಹೀರುವುದಿಲ್ಲ, ಅದಕ್ಕೆ ಬೇಕಾಗಿಯೂ ಇಲ್ಲ. ಅರಳಿದ ಸುಣ್ಣದ ಪುಡಿಯನ್ನು ಬಟ್ಟೆಯಲ್ಲಿ ಜರಡಿ ಹಿಡಿದು ತೆಳುವಾಗಿ ಉದುರಿಸುವುದು ಹಾಸಿಗೆಯ ತೇವ ಹೀರಲಿ ಎಂದು. ಉಳಿದ ಸೊಪ್ಪು ಒಣಗಿದರೆ ಮೊದಲೇ ಜ್ವರ ಎದ್ದ ಹುಳು ಅದನ್ನು ತಿನ್ನುವುದೂ ತಪ್ಪುತ್ತದೆ, ಇಡೀ ತಟ್ಟೆ ಒಟ್ಟಿಗೆ ಏಳುತ್ತದೆ. ‘ಗಟ್ಟಿಯಾಗಲಿ’ ಎಂದು ದಪ್ಪಗೆ ಸುರಿದರೆ ಮೈಯ ನೀರಂಶ ಹೋಗುತ್ತದೆ, ಹಳೆಯ ಪೊರೆ ಒಣಗಿ ಮೈಗೆ ಅಂಟಿ ಬಿಡಿಸಿಕೊಳ್ಳಲಾಗದೆ ಹುಳು ಸಾಯುತ್ತದೆ.

ತೇವ ಏಕೆ ಕೆಟ್ಟದ್ದೆಂದರೆ ಸುಣ್ಣಕಟ್ಟು ರೋಗದ ಶಿಲೀಂಧ್ರ. ಅದು ಬಾಯಿಯಿಂದ ಒಳಗೆ ಹೋಗಬೇಕಿಲ್ಲ. ಬೀಜಕಣ ಚರ್ಮದ ಮೇಲೆ ಕೂತು, ತೇವ ಸಿಕ್ಕರೆ ಮೊಳೆತು, ಕೈಟಿನ್ ಕರಗಿಸುತ್ತಾ ನೇರವಾಗಿ ಕೊರೆದು ಇಳಿಯುತ್ತದೆ. ಸತ್ತ ಹುಳು ಸುಣ್ಣದ ಕಡ್ಡಿಯಂತಾಗುತ್ತದೆ, ಆ ಬಿಳಿಯೂ ಸುಣ್ಣವಲ್ಲ, ಶಿಲೀಂಧ್ರದ ಬೀಜಕಣಗಳ ಪುಡಿ. ಇಟಲಿಯ ಅಗೊಸ್ಟಿನೊ ಬಾಸ್ಸಿ 1835ರಲ್ಲಿ ಈ ರೋಗದ ಮೂಲ ಜೀವಂತ ಸೂಕ್ಷ್ಮಾಣು ಎಂದು ತೋರಿಸಿದರು. ಪಾಸ್ಚರ್ ರೇಷ್ಮೆ ಹುಳುವಿನ ರೋಗಗಳಿಗೆ ಕೈ ಹಾಕಿದ್ದು ಅದಾಗಿ ಮೂವತ್ತು ವರ್ಷದ ಮೇಲೆ.

ಸೊಪ್ಪು ಮತ್ತೆ ಕೊಡಬೇಕಾದದ್ದು ಶೇ 95ರಷ್ಟು ಹುಳು ಎದ್ದ ನಂತರ. ಎದ್ದ ಹುಳುವಿನ ಗುರುತು: ತಲೆ ದೊಡ್ಡದು, ಬಣ್ಣ ಬೂದಿ, ಚರ್ಮ ಸುಕ್ಕು ಸುಕ್ಕಾಗಿ ಸಡಿಲ. ಅರ್ಧ ತಟ್ಟೆ ಎದ್ದಾಗಲೇ ಸೊಪ್ಪು ಹಾಕಿದರೆ ಎರಡು ಕಡೆ ನಷ್ಟ. ಎದ್ದವು ಮುಂದೆ ಓಡುತ್ತವೆ, ಏಳದವು ಸೊಪ್ಪಿನಡಿ ತೇವದಲ್ಲಿ ಹೂತುಹೋಗುತ್ತವೆ.

ಸೂಕ್ಷ್ಮದರ್ಶಕ

ಈ ಗಡಿಯಾರ ನಡೆಸುವ ಹಾರ್ಮೋನಿನ ಕಥೆಯೂ ರೇಷ್ಮೆ ಹುಳುವಿನದೇ. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್ಸನ್ 500 ಕಿಲೋ ರೇಷ್ಮೆ ಕೋಶದ ಹುಳುಗಳನ್ನು (ಗೂಡಿನೊಳಗಿನ ಪ್ಯೂಪಾ) ಸಂಸ್ಕರಿಸಿ 25 ಮಿಲಿಗ್ರಾಂ ಎಕ್ಡೈಸೋನ್ ಹರಳು ಪಡೆದರು. ಎದೆಯ ಭಾಗದ ಗ್ರಂಥಿಯಿಂದ ಎಕ್ಡೈಸೋನ್ ಹೊರಟರೆ ಚರ್ಮಕೋಶಗಳು ಹಳೆಯದನ್ನು ಬಿಟ್ಟು ಹೊಸದನ್ನು ಶುರು ಮಾಡುತ್ತವೆ. ಅದೇ ಹೊತ್ತಿಗೆ ರಕ್ತದಲ್ಲಿ ಬಾಲ್ಯ ಹಾರ್ಮೋನ್ ಇದ್ದರೆ ಮುಂದಿನದೂ ಹುಳುವಿನ ಚರ್ಮ, ಇಲ್ಲದಿದ್ದರೆ ಪ್ಯೂಪಾದ ಚರ್ಮ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ‘ಸಂಪೂರ್ಣ’ ಎಕ್ಡೈಸೋನ್ ಜಾತಿಯ ಸಸ್ಯಮೂಲದ ಹಾರ್ಮೋನ್. ಐದನೇ ಹಂತದಲ್ಲಿ ಬೆರಳೆಣಿಕೆಯ ಹುಳುಗಳು ಹಣ್ಣಾದಾಗ ಸೊಪ್ಪಿನ ಮೇಲೆ ಸಿಂಪಡಿಸಿ ಕೊಟ್ಟರೆ ಉಳಿದವೂ ಒಟ್ಟಿಗೆ ಹಣ್ಣಾಗುತ್ತವೆ. ಅದಕ್ಕಿಂತ ಮುಂಚೆ ಕೊಟ್ಟರೆ ಹುಳು ತಿನ್ನಬೇಕಾದಷ್ಟು ತಿನ್ನದೆ ಹಣ್ಣಾಗಿ ಗೂಡು ಹಗುರವಾಗುತ್ತದೆ.

ಬೆಳೆಗಾರರಿಗೆ ಇದಕ್ಕಿಂತ ಮುಖ್ಯವಾದ ಸಂಗತಿ ಒಂದಿದೆ. ತರಕಾರಿ, ಭತ್ತದ ಬೆಳೆಗೆ ಹೊಡೆಯುವ ಕೆಲವು ಕೀಟನಾಶಕಗಳು ನರಕ್ಕಲ್ಲ, ಕೈಟಿನ್ ಕಟ್ಟುವ ಕೆಲಸಕ್ಕೇ ಏಟು ಕೊಡುತ್ತವೆ: ಡೈಫ್ಲೂಬೆಂಜುರಾನ್, ನೊವಾಲುರಾನ್, ಲುಫೆನುರಾನ್, ಬುಪ್ರೊಫೆಜಿನ್. ಗಾಳಿಗೆ ಹಿಪ್ಪುನೇರಳೆ ಮೇಲೆ ಬಿದ್ದ ಸೊಪ್ಪು ತಿಂದ ಹುಳು ಅಂದೇ ಒದ್ದಾಡುವುದಿಲ್ಲ, ಚೆನ್ನಾಗಿ ತಿನ್ನುತ್ತಿರುತ್ತದೆ. ಜ್ವರದ ದಿನ ಹೊಸ ಚರ್ಮ ಕಟ್ಟಲಾಗದೆ, ಹಳೆಯದರಲ್ಲೇ ಸಿಕ್ಕಿ ಸಾಯುತ್ತದೆ, ಇಲ್ಲವೇ ಎದ್ದ ಮೇಲೆ ಚರ್ಮ ಸೀಳಿ ರಸ ಒಸರುತ್ತದೆ. ರೈತರು ಮೊಟ್ಟೆಯನ್ನೋ ರೋಗವನ್ನೋ ದೂರುತ್ತಾರೆ. ರೋಗದಲ್ಲಿ ಸಾವು ದಿನವೂ ಅಷ್ಟಷ್ಟು ಇರುತ್ತದೆ. ತಟ್ಟೆ ತಟ್ಟೆಯೇ ಜ್ವರದ ಒಂದೇ ದಿನ ಬಿದ್ದರೆ ಸೊಪ್ಪಿನ ಮೂಲ ವಿಚಾರಿಸಿ, ಅಕ್ಕಪಕ್ಕದ ಹೊಲದಲ್ಲಿ ಹಿಂದಿನ ವಾರ ಏನು ಹೊಡೆದರು ಎಂದು ಕೇಳಿ.

ಗಜನಿ_ಗದ್ದೆ

ಏಡಿ, ಸಿಗಡಿಯಲ್ಲಿ ಕ್ರಮ ಹೆಚ್ಚುಕಡಿಮೆ ಇದೇ, ಕೊನೆಯ ಭಾಗ ಬೇರೆ. ಹುಳು ಗಾಳಿ ನುಂಗಿ ಉಬ್ಬಿದರೆ ಏಡಿ ನೀರು ಹೀರಿ ಉಬ್ಬುತ್ತದೆ. ಬೆನ್ನ ಚಿಪ್ಪಿನ ಹಿಂಬದಿಯ ಅಂಚು ತೆರೆದು, ಹಿಂದಕ್ಕೆ ಜಾರಿ ಬರುತ್ತದೆ. ಕೊಂಬಿನ (ಚಿಮಟದಂಥ ಮುಂಗಾಲಿನ) ದಪ್ಪ ಮಾಂಸ ಆ ಸಣ್ಣ ಕೀಲಿನಿಂದ ಹೇಗೆ ಈಚೆ ಬರುತ್ತದೆ ಎಂದು ಕೇಳುವವರಿದ್ದಾರೆ. ಪೊರೆ ಬಿಡುವ ಮುಂಚಿನ ವಾರಗಳಲ್ಲಿ ಕೊಂಬಿನ ಸ್ನಾಯು ಸವೆದು ಕಿರಿದಾಗಿರುತ್ತದೆ, ಆಮೇಲೆ ಮತ್ತೆ ಬೆಳೆಯುತ್ತದೆ. ಪೊರೆ ಬಿಟ್ಟ ಹೊಸತರ ಏಡಿ ಹಿಡಿದರೆ ಒಳಗೆ ನೀರೇ ಹೆಚ್ಚು, ಮಾಂಸ ಕಡಿಮೆ. ತೂಕ ಕೊಟ್ಟು ಕೊಳ್ಳುವವರು ಎದೆಯ ಕೆಳಭಾಗ ಒತ್ತಿ ನೋಡುವುದು ಇದಕ್ಕೇ.

ಸುಣ್ಣದ ಲೆಕ್ಕ ಕೊಳದ ಸಿಗಡಿಯಲ್ಲಿ ಕಟ್ಟುನಿಟ್ಟು. ಕಳಚಿದ ಚಿಪ್ಪಿನೊಂದಿಗೆ ಹೆಚ್ಚಿನ ಕ್ಯಾಲ್ಸಿಯಂ ಹೊರಗೆ ಹೋಗುತ್ತದೆ, ಹೊಸ ಚಿಪ್ಪಿಗೆ ಬೇಕಾದದ್ದನ್ನು ಕಿವಿರಿನ ಮೂಲಕ ನೀರಿನಿಂದಲೇ ಎಳೆದುಕೊಳ್ಳಬೇಕು. ಸಮುದ್ರದ ನೀರಿನಲ್ಲಿ ಲೀಟರಿಗೆ ಕ್ಯಾಲ್ಸಿಯಂ ಸುಮಾರು 400 ಮಿಲಿಗ್ರಾಂ, ಮೆಗ್ನೀಸಿಯಂ 1300ರ ಆಸುಪಾಸು. ಮಳೆಗಾಲದಲ್ಲಿ ಉಪ್ಪು ಇಳಿದಾಗ ಒಟ್ಟು ಪ್ರಮಾಣ ಕಡಿಮೆಯಾದರೂ ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ 3ಕ್ಕೆ 1ರ ಹತ್ತಿರ ಇರುವಂತೆ ನೋಡಿಕೊಳ್ಳಬೇಕು. ಕ್ಷಾರೀಯತೆ ಲೀಟರಿಗೆ 100 ಮಿಲಿಗ್ರಾಂಗಿಂತ ಕೆಳಗೆ ಬಿಡಬಾರದು, ಚಿಪ್ಪಿಗೆ ಕ್ಯಾಲ್ಸಿಯಂ ಜೊತೆ ಕಾರ್ಬೊನೇಟೂ ಬೇಕಲ್ಲ. ಇಲ್ಲಿ ಯಾವ ಪುಡಿ ಎಂಬುದು ಮುಖ್ಯ. ಜಿಪ್ಸಂ ಕ್ಯಾಲ್ಸಿಯಂ ಕೊಡುತ್ತದೆ, ಕ್ಷಾರೀಯತೆ ಏರಿಸುವುದಿಲ್ಲ. ಡಾಲಮೈಟ್ ಎರಡಕ್ಕೂ ನಿಧಾನವಾಗಿ ನೆರವಾಗುತ್ತದೆ, ಮೆಗ್ನೀಸಿಯಂ ಸಹ ಕೊಡುತ್ತದೆ. ಸಿಗಡಿ ಇರುವ ಕೊಳಕ್ಕೆ ಅರಳಿದ ಸುಣ್ಣ ಒಂದೇ ಸಲ ಸುರಿದರೆ ಪಿಎಚ್ ಜಿಗಿದು ಅಮೋನಿಯಾ ವಿಷವಾಗುತ್ತದೆ, ಪೊರೆ ಬಿಟ್ಟು ಸುಸ್ತಾದ ಸಿಗಡಿಯೇ ಮೊದಲು ಸಾಯುವುದು.

ಪೊರೆ ಬಿಡುವ ರಾತ್ರಿ ಆಮ್ಲಜನಕದ ಅಗತ್ಯ ಏರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಹಿಂದೆ ಮುಂದೆ ಹೆಚ್ಚು ಸಿಗಡಿ ಒಟ್ಟಿಗೆ ಬಿಡುತ್ತವೆ ಎಂಬ ಲೆಕ್ಕದಲ್ಲಿ ಏರೇಟರ್ ಹೆಚ್ಚು ಹೊತ್ತು ಓಡಿಸಿ, ಆಹಾರ ಇಳಿಸಿ. ಕರಗಿದ ಆಮ್ಲಜನಕ ಬೆಳಗಿನ ಜಾವದಲ್ಲೂ ಲೀಟರಿಗೆ 4 ಮಿಲಿಗ್ರಾಂಗಿಂತ ಮೇಲಿರಲಿ.

ಚಿಪ್ಪಿಗೂ ಮಾಂಸಕ್ಕೂ ನಡುವೆ ಸಂದಿ ಬಿಟ್ಟು ಪೊಳ್ಳಾಗಿ ಕಾಣುವ ‘ಸಡಿಲ ಚಿಪ್ಪು’ ಬೇರೆ ತೊಂದರೆ. ಅಲ್ಲಿ ಚಿಪ್ಪಿನ ಸುಣ್ಣಕ್ಕಿಂತ ಮಾಂಸವೂ ಯಕೃತ್ತಿನ ಗ್ರಂಥಿಯೂ ಕುಗ್ಗಿರುವುದು ದೊಡ್ಡ ಸಮಸ್ಯೆ, ಖನಿಜ ಸುರಿದು ಸರಿಯಾಗುವುದಿಲ್ಲ.

ಕಣಜ

ಎಲ್ಲರೂ ಗಟ್ಟಿತನದ ಬಗ್ಗೆಯೇ ಬರೆದಿದ್ದೀರಿ. ನೆಲದ ಮೇಲಿನ ಕೀಟಕ್ಕೆ ಅದಕ್ಕಿಂತ ದೊಡ್ಡ ಕೆಲಸ ನೀರು ಕಾಯುವುದು. ಅದನ್ನು ಮಾಡುವುದು ಕೈಟಿನ್ ಅಲ್ಲ, ತೀರಾ ಹೊರಗಿನ ಮೇಣದ ಪದರ. ಒಂದು ಮೈಕ್ರಾನೂ ದಪ್ಪವಿಲ್ಲದ ಅದನ್ನು ಗೀರಿದರೆ ಕೀಟ ಒಣಗಿ ಸಾಯುತ್ತದೆ. ಇಂಗ್ಲೆಂಡಿನ ಕೀಟಶಾಸ್ತ್ರಜ್ಞ ವಿಗಲ್ಸ್‌ವರ್ತ್ 1940ರ ದಶಕದಲ್ಲಿ ಸತ್ವವಿಲ್ಲದ ನುಣ್ಣನೆಯ ಪುಡಿಯ ಮೇಲೆ ಕೀಟಗಳನ್ನು ಓಡಾಡಿಸಿ ಇದನ್ನು ತೋರಿಸಿದರು.

ಅವರೆ, ಅಲಸಂದೆ, ಹೆಸರು ಬಿತ್ತನೆಗೆ ಬೂದಿ ಬೆರೆಸಿಡುವುದು, ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುವುದು ಇದೇ ತತ್ವದ ಮೇಲೆ ಕೆಲಸ ಮಾಡುತ್ತವೆ. ಬೂದಿ ಮೇಣವನ್ನು ಗೀರುತ್ತದೆ, ಹೀರುತ್ತದೆ. ಕಾಳಿನ ಸಂದಿ ತುಂಬುವುದರಿಂದ ಹುಳುವಿಗೆ ಓಡಾಡಲು, ಮೊಟ್ಟೆ ಅಂಟಿಸಲು ಜಾಗ ಸಿಗುವುದಿಲ್ಲ. ಫಲ ಕೊಡದಿರುವುದಕ್ಕೆ ಕಾರಣ ಎರಡೇ. ಬೂದಿ ಚಿಟಿಕೆಯಷ್ಟು ಹಾಕಿರುತ್ತಾರೆ, ಸಂದಿ ತುಂಬುವಷ್ಟು ಬೇಕು. ಇಲ್ಲವೇ ಕಾಳು ಸರಿಯಾಗಿ ಒಣಗಿರುವುದಿಲ್ಲ. ತೇವವಿದ್ದರೆ ಹುಳು ಕಳೆದುಕೊಂಡ ನೀರನ್ನು ಕಾಳಿನಿಂದಲೇ ತುಂಬಿಕೊಳ್ಳುತ್ತದೆ, ಬೂದಿಯೂ ಹಸಿಯಾಗಿ ಹೀರುವ ಗುಣ ಬಿಡುತ್ತದೆ. ಕಚ್ಚಿದರೆ ಕಟಕ್ಕೆಂದು ಒಡೆಯುವಷ್ಟು ಒಣಗಿಸಿ, ಆರಿದ ಮೇಲೆ ಜರಡಿ ಹಿಡಿದ ಬೂದಿ ಬೆರೆಸಿ. ಕಾಳಿನೊಳಗೆ ಮೊದಲೇ ಸೇರಿರುವ ಮರಿಗೆ ಬೂದಿ ತಟ್ಟುವುದಿಲ್ಲ, ಅದಕ್ಕೆ ಮುಂಚಿನ ಬಿಸಿಲೇ ಮದ್ದು.

ಹೊಸ_ಬೆಳೆಗಾರ

ಹಾಗಾದರೆ ಸಿಗಡಿ ಬೇಯಿಸಿದಾಗ ಕೆಂಪಾಗುವುದು ಸುಣ್ಣದಿಂದಲೋ ಕೈಟಿನ್‌ನಿಂದಲೋ?

ಗಜನಿ_ಗದ್ದೆ

ಎರಡರಿಂದಲೂ ಅಲ್ಲ. ಅಸ್ಟಕ್ಸಾಂಥಿನ್ ಎಂಬ ಕೆಂಪು ಬಣ್ಣ ಚಿಪ್ಪಿನಲ್ಲಿ ಮೊದಲೇ ಇದೆ. ಪ್ರೋಟೀನೊಂದು ಅದನ್ನು ಹಿಡಿದಿಟ್ಟಾಗ ನೀಲಿ, ಕಂದು ಬಣ್ಣವಾಗಿ ಕಾಣುತ್ತದೆ. ಬಿಸಿಗೆ ಪ್ರೋಟೀನ್ ಕೆಟ್ಟು ಹಿಡಿತ ಬಿಟ್ಟರೆ ಕೆಂಪು ಹೊರಬೀಳುತ್ತದೆ.

ಜೀವಶಾಸ್ತ್ರ_ಮೇಷ್ಟ್ರು

ಬಹಳ ಉಪಕಾರವಾಯಿತು. ವಿನೆಗರ್ ಪ್ರಯೋಗ ಈ ವಾರವೇ ಮಾಡಿಸುತ್ತೇನೆ. ಕೊನೆಯದಾಗಿ, ರೇಷ್ಮೆ ಹುಳು ಕಳಚಿದ ಪೊರೆಯನ್ನು ಮಕ್ಕಳು ಇಟ್ಟುಕೊಂಡು ನೋಡಲು ಹೇಗೆ ತೆಗೆಯಬೇಕು?

ಸೂಕ್ಷ್ಮದರ್ಶಕ

ಮೈಪೊರೆ ಮುದುಡಿ ಹರಿಯುತ್ತದೆ, ಅದರ ಹಿಂದೆ ಬೀಳಬೇಡಿ ಮೇಷ್ಟ್ರೇ. ತಲೆಯ ಟೋಪಿ ಹಿಡಿಯಿರಿ. ಅದು ಬೇರೆಯಾಗಿ ಕಳಚುತ್ತದೆ, ಗಟ್ಟಿಯಿರುವುದರಿಂದ ಆಕಾರ ಕೆಡುವುದಿಲ್ಲ. ಇಪ್ಪತ್ತು ಹುಳುಗಳನ್ನು ಬೇರೆ ತಟ್ಟೆಯಲ್ಲಿ ಬಿಳಿ ಕಾಗದದ ಮೇಲೆ ಸಾಕಿ, ಆ ತಟ್ಟೆಗೆ ಸುಣ್ಣ ಹಾಕಬೇಡಿ. ಸುಣ್ಣದ ಬದಲು ಸೊಪ್ಪನ್ನು ತೆಳುವಾಗಿ ಕೊಟ್ಟು ಹಾಸಿಗೆ ಒಣಗಿರುವಂತೆ ನೋಡಿಕೊಳ್ಳಿ. ಪ್ರತಿ ಜ್ವರ ಎದ್ದ ಮೇಲೆ ಹುಳು ಹೊಸ ಸೊಪ್ಪಿಗೆ ಹೋಗಲಿ, ನಂತರ ಒದ್ದೆ ಕುಂಚದ ತುದಿಯಿಂದ ಟೋಪಿಗಳನ್ನು ಎತ್ತಿ ಜ್ವರದ ಸಂಖ್ಯೆ ಬರೆದ ಪೊಟ್ಟಣಕ್ಕೆ ಹಾಕಿ. ಗ್ರಾಫ್ ಹಾಳೆಯ ಮೇಲಿಟ್ಟು ಭೂತಗನ್ನಡಿಯಲ್ಲಿ ಅಗಲ ಅಳೆಯಬಹುದು. ಮೊದಲ ಜ್ವರದ ಟೋಪಿ ತೀರಾ ಚಿಕ್ಕದು, ಅದಕ್ಕೆ ಸೂಕ್ಷ್ಮದರ್ಶಕವೇ ಬೇಕು. ಒಂದರಿಂದ ಇನ್ನೊಂದಕ್ಕೆ ಅಗಲ ಎಷ್ಟು ಪಟ್ಟು ಹೆಚ್ಚಿತೆಂದು ಭಾಗಿಸಿ ನೋಡಲಿ. ಚಿಟ್ಟೆ, ಪತಂಗಗಳ ಮರಿಗಳಲ್ಲಿ ಈ ಪಟ್ಟು ಹಂತದಿಂದ ಹಂತಕ್ಕೆ ಹೆಚ್ಚುಕಡಿಮೆ ಒಂದೇ, 1.4ರ ಆಸುಪಾಸು ಎಂದು ಅಮೆರಿಕದ ಕೀಟಶಾಸ್ತ್ರಜ್ಞ ಹ್ಯಾರಿಸನ್ ಡಯರ್ 1890ರಲ್ಲಿ ಗುರುತಿಸಿದರು. ಐದನೇ ಹಂತದ ತಲೆಗೆ ಗೂಡು ಕಟ್ಟುವವರೆಗೆ ಕಾಯಬೇಕು. ಗೂಡು ಕತ್ತರಿಸಿದರೆ ಕೋಶದ ಹುಳುವಿನ ಬಾಲದ ಕಡೆ ಕೊನೆಯ ಪೊರೆ ಮುದುರಿಕೊಂಡಿರುತ್ತದೆ, ತಲೆಯ ಟೋಪಿ ಅದರಲ್ಲೇ ಸಿಗುತ್ತದೆ.